ಅನುಮಾನ ಮಾರಲು ಬಂದವನು

ಫಕ್ರುದ್ದೀನನನ್ನು ಮೊದಲ ನೋಟಕ್ಕೇ ತೂಗಿದ್ದೆ: ಮೈಯಲ್ಲಿ ಮಾಂಸ ಕಡಿಮೆ, ಬಾಯಲ್ಲಿ ಮಾಲು ಜಾಸ್ತಿ, ಚಪ್ಪಲಿ ಹೊಸದು, ಬ್ಯಾಗು ಹಳೆಯದು. ಕುರ್ಚಿ ಕೊಟ್ಟರೆ ಕೂಡದೆ ಅದರ ಬೆನ್ನು ಹಿಡಿದು ನಿಂತ. ನಮ್ಮೂರಿನದೇ ಗಾಜಿಪುರ ಓಣಿಯವನು. ಮದುವೆಗಳ ವಿಡಿಯೋ ತೆಗೆಯುತ್ತಿದ್ದವನು ಎರಡು ಸಾವಿರದ ಒಂದರಲ್ಲಿ ಅಂಗಡಿಗಳಿಗೆ ಕಾವಲು ಕ್ಯಾಮೆರಾ ಹಾಕತೊಡಗಿದ್ದ.

“ಮದುವಿ ಒಮ್ಮೆ ಆಗ್ತದ್ರೀ ಸಾವಕಾರ್ರ, ಅನುಮಾನ ದಿನಾ ಬರ್ತದ. ಈಗ ಬರೀ ಚಿತ್ರ. ಮುಂದ ಮನಷ್ಯಾರ ಮಾರಿ ನೋಡಿ ಹೆಸರೂ ಹೇಳ್ತದ. ನೀವು ಮನ್ಯಾಗ ಕುಂತು ಅಂಗಡಿ ನೋಡ್ತೀರಿ.”

“ಮನ್ಯಾಗ ಕುಂತ್ರ ನನ್ನ ಹೆಂಡತಿ ನೋಡ್ತಾಳಪಾ. ಆಕಿಗಿಂತ ದೊಡ್ಡ ಕ್ಯಾಮೆರಾ ಎಲ್ಲಿಂದ ತರ್ತಿ?”

ಆದರೂ ಹಾಕಿಸಿದೆ. ನನ್ನದು ಕೆಂಬಾಳೆ ವ್ಯಾಪಾರ. ಕಮಲಾಪುರದ ಗೊನೆಗಳು ಕಲಬುರಗಿಯ ನನ್ನ ಗೋದಾಮಿನಲ್ಲಿ ಹಣ್ಣಾಗುತ್ತವೆ. ಕ್ಯಾಮೆರಾ ಅಲ್ಲಿ, ಅದರ ಟಿವಿ ಮುಂದಿನ ಅಂಗಡಿಯಲ್ಲಿ. ಅಂದಿನಿಂದ ನನಗೆ ಕೂತಲ್ಲಿ ಕೂಡಲಾಗಲಿಲ್ಲ. ಗಿರಾಕಿ ದರ ಕೇಳುವಾಗ ಕಣ್ಣು ಟಿವಿಯ ಮೇಲೆ. ಊಟದ ನಡುವೆ ಎದ್ದು ಬಂದು ನೋಡುತ್ತಿದ್ದೆ. ಚಿತ್ರ ಕಪ್ಪು ಬಿಳುಪು. ಕೆಂಬಾಳೆ ಅದರಲ್ಲಿ ಮಂಕು ಕಪ್ಪಾಗಿ ಕಾಣುತ್ತಿತ್ತು, ಕಣ್ಣು ಅದಕ್ಕೇ ಒಗ್ಗಿಹೋಗಿತ್ತು.

ಒಂದು ಮಧ್ಯಾಹ್ನ ಕಂಡೇಬಿಟ್ಟಿತು. ಹಣ್ಣು ಆರಿಸುವ ಲಲಿತಾಬಾಯಿ ಬುಟ್ಟಿಯಲ್ಲಿ ಕೆಂಬಾಳೆ ಹೊತ್ತು ಹಿಂದಿನ ಬಾಗಿಲಿಂದ ಹೊರಟಿದ್ದಳು.

ಮರುದಿನ ಬೆಳಿಗ್ಗೆ ಅವಳನ್ನು ಕರೆದೆ. ಅದೇ ಹೊತ್ತಿಗೆ ಫಕ್ರುದ್ದೀನ್ ಮೂವರು ವ್ಯಾಪಾರಿಗಳನ್ನು ತನ್ನ ಮಾಲು ತೋರಿಸಲು ಕರೆತಂದಿದ್ದ. ಎಲ್ಲರೆದುರೇ ಹಿಂದಿನ ದಿನದ ಟೇಪು ಹಾಕಿದೆ.

“ಕೊಳೆತದ್ದು ರೀ, ಎಮ್ಮಿಗೆ ಒಯ್ದೀನಿ. ದಿನಾ ಒಯ್ಯಂಗಿಲ್ಲೇನು?” ಎಂದಳು.

“ಟಿವಿ ಸುಳ್ಳು ಹೇಳ್ತದೇನು? ನಾಳಿಂದ ಬರಬ್ಯಾಡ.”

ವ್ಯಾಪಾರಿಗಳು ತಲೆದೂಗಿದರು. ಕಳ್ಳಿಯನ್ನು ಹಿಡಿದುಕೊಟ್ಟ ಕ್ಯಾಮೆರಾ! ಸೌದಾ ಕುದುರಿದಂತೆಯೇ. ಫಕ್ರುದ್ದೀನ್ ಮಾತ್ರ ಟೇಪನ್ನು ಮತ್ತೊಮ್ಮೆ ನೋಡಿ, ಸರಸರನೆ ಗೋದಾಮಿನೊಳಗೆ ಹೋದ. ಟಿವಿಯಲ್ಲಿ ಕಾಣಿಸಿಕೊಂಡ, ಎರಡು ಕೈಯಲ್ಲಿ ಎರಡು ಚಿಪ್ಪು ಬಾಳೆ.

“ಯಾವುದು ಕೆಂಪು, ಯಾವುದು ಕೊಳೆತದ್ದು, ಹೇಳ್ರೀ!” ಅಲ್ಲಿಂದಲೇ ಕೂಗಿದ.

ಎರಡೂ ಒಂದೇ ಕಪ್ಪು. ವ್ಯಾಪಾರಿಗಳು ಒಬ್ಬೊಬ್ಬರಾಗಿ ಎದ್ದು ಹೋದರು.

“ಸಾವಕಾರ್ರ, ಟಿವಿಗೆ ಬಣ್ಣಿಲ್ಲ, ಖರೆ. ನಿಮ್ಮ ಕಣ್ಣಿಗೇನಾಗಿತ್ತು?” ಎಂದು ಲಲಿತಾಬಾಯಿ ಬುಟ್ಟಿ ಎತ್ತಿಕೊಂಡು ಕೆಲಸಕ್ಕೆ ಹೋದಳು.

“ಹುಚ್ಚಾ, ಸುಮ್ಮನಿದ್ರ ಮೂರು ಸೌದಾ ಆಗ್ತಿದ್ವು,” ಎಂದೆ, ಹೊರಗೆ ಬಂದ ಫಕ್ರುದ್ದೀನನಿಗೆ.

“ಆಗ್ತಿದ್ವು. ಮುಂದಿನ ಮಷೀನು ತಾನ ಕಳ್ಳರ ಹೆಸರು ಹೇಳ್ತದ್ರೀ. ಆವಾಗ ಅದರ ಮುಂದ ಹಣ್ಣು ಹಿಡಿಯೋರು ಯಾರು?” ಎಂದವನು ಚಹಾಕ್ಕೂ ನಿಲ್ಲದೆ ಬ್ಯಾಗು ಹೆಗಲಿಗೇರಿಸಿದ.

ಲಲಿತಾಬಾಯಿ ಇಂದಿಗೂ ನನ್ನಲ್ಲೇ ಹಣ್ಣು ಆರಿಸುತ್ತಾಳೆ. ಅದಕ್ಕೆ ನಾನು ಫಕ್ರುದ್ದೀನನಿಗೆ ಋಣಿ.