ಮಳೆಯ ಮೇಲೆ ಹೊರಿಸಿದ ತಪ್ಪು

2024ರ ಮುಂಗಾರಿನ ಮಾತು. ದೂರಸಂಪರ್ಕದ ಉಪಗ್ರಹ ವಿಭಾಗದಲ್ಲಿ ಮೂವತ್ತೊಂದು ವರ್ಷ ದುಡಿದು ನಾನು ನಿವೃತ್ತಳಾಗಿ ಎರಡು ವರ್ಷವಾಗಿತ್ತು. ಹೊಳಲ್ಕೆರೆಯ ಮನೆಯಲ್ಲಿ ಕೈಕಟ್ಟಿ ಕೂರುವುದು ನನ್ನ ಜಾಯಮಾನವಲ್ಲ. ಹಾಗಾಗಿ ಒಂದು ಖಾಸಗಿ ಕಂಪನಿಗೆ ಗುತ್ತಿಗೆಯ ಮೇಲೆ ಉಪಗ್ರಹ ಇಂಟರ್‌ನೆಟ್ ಅಳವಡಿಸಿಕೊಡುವ ಇಂಜಿನಿಯರ್ ಆಗಿದ್ದೆ. ಬ್ಯಾಂಕಿನ ತಾರಸಿ, ಗಾಳಿಯಂತ್ರಗಳ ಗುಡ್ಡ, ಗಣಿ ಕಚೇರಿ, ಎಲ್ಲ ಕಡೆ ಡಿಶ್ ನಿಲ್ಲಿಸಿದ್ದೇನೆ. ಓಡಾಡುವ ಮನೆಯ ಮೇಲೆ ನಿಲ್ಲಿಸಿದ್ದು ಅದೇ ಮೊದಲು.

ಆ ಮನೆಯ ಯಜಮಾನಿ ಡಾಕ್ಟರ್ ವಸುಧಾ, ಹೊಸದುರ್ಗದವರು. ಸರ್ಕಾರಿ ಆಸ್ಪತ್ರೆಯಿಂದ ನಿವೃತ್ತರಾದ ಮೇಲೆ ಒಂದು ಮಿನಿಬಸ್ಸು ಕೊಂಡು ಅದನ್ನು ಮೋಟಾರ್‌ಹೋಮ್ ಮಾಡಿಸಿದ್ದರು. ಹಿಂದೆ ಮಂಚ, ಪಕ್ಕದಲ್ಲಿ ಒಲೆ, ಮೂಲೆಯಲ್ಲಿ ಶೌಚಾಲಯ, ನಡುವೆ ರೋಗಿಯನ್ನು ಮಲಗಿಸಲು ಒಂದು ಬೆಂಚು. ತಾವೇ ಓಡಿಸಿಕೊಂಡು ಹಿರಿಯೂರು ತಾಲ್ಲೂಕಿನ ಆಂಧ್ರದ ಗಡಿಯ ಕಡೆಗೆ ಹೋಗಿ, ಹಟ್ಟಿಯಿಂದ ಹಟ್ಟಿಗೆ ವಾರಗಟ್ಟಲೆ ಇದ್ದುಬಿಡುತ್ತಿದ್ದರು. ಅಲ್ಲಿ ಮೊಬೈಲಿಗೆ ಒಂದು ಕಡ್ಡಿ ಸಿಗ್ನಲ್ಲೂ ಸಿಗದು. ತಮಗೆ ತಿಳಿಯದ ಕಾಯಿಲೆ ಎದುರಾದರೆ ದೊಡ್ಡಾಸ್ಪತ್ರೆಯ ತಜ್ಞರನ್ನು ವಿಡಿಯೋದಲ್ಲಿ ಕೇಳಬೇಕು, ಅದಕ್ಕೆ ಇಂಟರ್‌ನೆಟ್ ಬೇಕು ಎಂದು ನನ್ನನ್ನು ಹುಡುಕಿಕೊಂಡು ಬಂದಿದ್ದರು.

ವ್ಯವಸ್ಥೆ ಹೇಳಿಕೊಳ್ಳುವಷ್ಟು ಕಷ್ಟದ್ದಲ್ಲ. ಭೂಮಧ್ಯರೇಖೆಯ ಮೇಲೆ ಸುಮಾರು ಮೂವತ್ತಾರು ಸಾವಿರ ಕಿಲೋಮೀಟರ್ ಎತ್ತರದಲ್ಲಿ ಉಪಗ್ರಹವಿರುತ್ತದೆ. ನಮ್ಮ ಜಿಲ್ಲೆಯಿಂದ ನೋಡಿದರೆ ಅದು ನೆತ್ತಿಯಿಂದ ಸ್ವಲ್ಪ ದಕ್ಷಿಣಕ್ಕೆ. ಬಸ್ಸಿನ ಮಾಡಿನ ಮೇಲೆ ಫೈಬರ್‌ನ ಬಿಳಿ ಗುಮ್ಮಟ, ಅದರೊಳಗೆ ಡಿಶ್. ಬಸ್ಸು ಎಲ್ಲಿ ನಿಂತರೂ ಡಿಶ್ ತಾನೇ ತಿರುಗಿ ಉಪಗ್ರಹವನ್ನು ಹುಡುಕಿಕೊಳ್ಳುತ್ತದೆ. ಒಳಗಿನ ಮೋಡೆಮ್ ಸಿಗ್ನಲ್ಲಿನ ಬಲವನ್ನು ಡೆಸಿಬೆಲ್‌ನಲ್ಲಿ ತೋರಿಸುತ್ತದೆ. ಬಾನು ತಿಳಿಯಾಗಿದ್ದರೆ ಹನ್ನೆರಡು ಬರುತ್ತಿತ್ತು, ನಾಲ್ಕಕ್ಕಿಂತ ಇಳಿದರೆ ಲೈನ್ ಹೋಯಿತು ಅಂತಲೇ ಲೆಕ್ಕ.

ಚಿತ್ರದುರ್ಗದ ಒಂದು ಗ್ಯಾರೇಜಿನಲ್ಲಿ ಎಲ್ಲ ಕೂರಿಸಿ ಬಬ್ಬೂರಿನ ಹತ್ತಿರ ಮೊದಲ ಪರೀಕ್ಷೆ ಮಾಡಿದೆವು. ಅಲ್ಲೊಂದು ಪಾಠವಾಯಿತು. ಈ ಬಿಸಿಲು ಸೀಮೆಯಲ್ಲಿ ನೆಂಟರ ಗಾಡಿಯನ್ನು ಬಿಸಿಲಲ್ಲಿ ನಿಲ್ಲಲು ಯಾರೂ ಬಿಡುವುದಿಲ್ಲ. "ನೆಳ್ಳಿಗೆ ಹಾಕ್ರಿ, ನೆಳ್ಳಿಗೆ ಹಾಕ್ರಿ" ಎಂದು ನಾಲ್ಕು ಜನ ಸೇರಿ ಹೊಂಗೆ ಮರದ ಕೆಳಗೇ ನಿಲ್ಲಿಸಿದರು, ಲೈನ್ ಸತ್ತುಹೋಯಿತು. ಡಿಶ್ಶಿಗೂ ಆಕಾಶಕ್ಕೂ ನಡುವೆ ಏನೂ ಇರಬಾರದು ಎಂದು ನಾನು ಡಾಕ್ಟರಿಗೆ ಕಟ್ಟುನಿಟ್ಟಾಗಿ ಹೇಳಿದೆ. ಡಾಕ್ಟರಿಗೆ ಹೇಳಿದರೆ ಸಾಕು ಅಂದುಕೊಂಡೆ.

ಜುಲೈ ಕೊನೆಯಲ್ಲಿ ಧರ್ಮಪುರದಿಂದ ಮುಂದೆ ಒಂದು ಕುರಿಗಾಹಿಗಳ ಹಟ್ಟಿಗೆ ಹೋದೆವು. ಹಟ್ಟಿಗೆ ಮೊದಲು ಒಂದು ಹಳ್ಳ. ಅದನ್ನು ದಾಟಿ, ಬಯಲಲ್ಲಿ ಬಸ್ಸು ನಿಲ್ಲಿಸಿದೆವು. ದಾರಿಯ ಕುಲುಕಾಟಕ್ಕೆ ಗುಮ್ಮಟದಿಂದ ಕೇಬಲ್ ಒಳಗಿಳಿಯುವ ಜಾಗ ಸಡಿಲವಾಗಿತ್ತು. ಮರುದಿನ ಬೆಳಿಗ್ಗೆ ನಾನೇ ಹಿಂದಿನ ಏಣಿ ಹತ್ತಿ ಅದಕ್ಕೆ ಹೊಸದಾಗಿ ಸೀಲಂಟ್, ಅಂದರೆ ನೀರು ಇಳಿಯದಂತೆ ತಡೆಯುವ ಅಂಟು, ಹಚ್ಚಿದೆ. ಹಟ್ಟಿಯ ಹಿರಿಯ ಈರಣ್ಣಜ್ಜ ಏಣಿ ಹಿಡಿದು ನಿಂತು, ನಾನು ಮಾಡುವುದನ್ನೆಲ್ಲ ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಎಪ್ಪತ್ತರ ಆಸುಪಾಸಿನ ಆಳು. ಹೆಗಲ ಮೇಲೆ ಕರಿ ಕಂಬಳಿ.

ಇಳಿಯುವಾಗ ನನ್ನ ಮಂಡಿ ಕಿರ್ರೆಂದಿತು. ನೋವಿನ ಸಿಡುಕಿನಲ್ಲೇ ಹೇಳಿದೆ: "ಅಜ್ಜಾ, ನಾಳೆವರೆಗೂ ಇದಕ್ಕೆ ನೀರು ಬೀಳಬಾರ್ದು ನೋಡಿ."

"ಆಯ್ತು ಬಿಡ್ರಮ್ಮ, ನಾನ್ ನೋಡ್ಕಂತೀನಿ" ಅಂದರು.

ಮಧ್ಯಾಹ್ನ ಮೂರೂ ಐದಕ್ಕೆ ಮಳೆ ಹಿಡಿಯಿತು. ಈ ಕಡೆ ಮಳೆ ಬರುವುದೇ ಅಪರೂಪ, ಬಂದರೆ ಆಕಾಶವೇ ಹರಿದಂತೆ ಬರುತ್ತದೆ. ಮೂರೂ ಹನ್ನೆರಡಕ್ಕೆ ಲೈನ್ ಹೋಯಿತು. ನಾನು ಗಾಬರಿಯಾಗಲಿಲ್ಲ. ಜೋರು ಮಳೆಯ ಹನಿಗಳು ಸಿಗ್ನಲ್ಲನ್ನು ಹೀರಿಕೊಳ್ಳುತ್ತವೆ, ಅದನ್ನು ನಾವು ರೈನ್ ಫೇಡ್ ಅನ್ನುತ್ತೇವೆ. "ಹತ್ತು ನಿಮಿಷದಲ್ಲಿ ತಾನಾಗಿಯೇ ಬರುತ್ತೆ ಡಾಕ್ಟ್ರೇ" ಎಂದು ಹೇಳಿ ಟೀ ಕಾಯಿಸಲು ಇಟ್ಟೆ. ಹೊರಗೆ ಹಳ್ಳ ಬಂದ ಸದ್ದು ಕೇಳಿಸಿತು.

ಮೂರೂ ಇಪ್ಪತ್ತೈದಕ್ಕೆ ಲಕ್ಷ್ಮಕ್ಕ ಮಗುವನ್ನು ಎತ್ತಿಕೊಂಡು ಒಳಗೆ ನುಗ್ಗಿದಳು. ಈರಣ್ಣಜ್ಜನ ಸೊಸೆ. ಮಗುವಿನ ಹೆಸರು ಕೆಂಚಮ್ಮ, ನಾಲ್ಕು ವರ್ಷ. ತಲೆ ತಾಯಿಯ ತೋಳಿನಿಂದ ಹಿಂದಕ್ಕೆ ಜೋತುಬಿದ್ದಿತ್ತು. ಲಕ್ಷ್ಮಕ್ಕನ ಇನ್ನೊಂದು ಕೈಯಲ್ಲಿ ಹಣ್ಣಿನ ರಸದ ಹಳೇ ಬಾಟಲಿ.

"ಕುರಿ ಉಣ್ಣಿಗೆ ಹಾಕೋ ಔಸ್ತಿ ಅಮ್ಮಾ, ಕುಡ್ದುಬಿಟ್ಟೈತೆ!"

ಕುರಿಯ ಮೈಗೆ ಹತ್ತುವ ಉಣ್ಣಿಗಳನ್ನು ಕೊಲ್ಲುವ ವಿಷ ಅದು. ಊರಿಂದ ಬಿಡಿಯಾಗಿ ತಂದು ಬಾಟಲಿಗೆ ತುಂಬಿಟ್ಟಿದ್ದರು. ಮೇಲೆ ಹೆಸರಿಲ್ಲ, ಚೀಟಿಯಿಲ್ಲ. ಡಾಕ್ಟರ್ ಮಗುವನ್ನು ಬೆಂಚಿನ ಮೇಲೆ ಮಲಗಿಸಿ ಕಣ್ಣಿಗೆ ಟಾರ್ಚ್ ಬಿಟ್ಟರು. ಪಾಪೆ ಸಾಸಿವೆಯಷ್ಟಾಗಿತ್ತು. ನಾಡಿ ನಿಧಾನ. ಕರೆದರೆ ಓಗೊಡುತ್ತಿರಲಿಲ್ಲ. ಹಳ್ಳ ತುಂಬಿ ಹರಿಯುತ್ತಿದ್ದುದರಿಂದ ಹಿರಿಯೂರಿಗೆ ಹೊರಡುವಂತಿರಲಿಲ್ಲ. ಮೊಬೈಲ್ ಸಿಗಬೇಕಾದರೂ ಆ ಹಳ್ಳ ದಾಟಿಯೇ ದಿಣ್ಣೆ ಹತ್ತಬೇಕು.

ಡಾಕ್ಟರ್ ನನ್ನನ್ನು ಪಕ್ಕಕ್ಕೆ ಕರೆದು ಸಣ್ಣ ದನಿಯಲ್ಲಿ ಹೇಳಿದರು. ಇಂಥ ವಿಷಗಳಲ್ಲಿ ಎರಡು ಬಗೆ. ಒಂದಕ್ಕೆ ಅಟ್ರೋಪಿನ್ ಎಂಬ ಚುಚ್ಚುಮದ್ದನ್ನು ಮೇಲಿಂದ ಮೇಲೆ ಕೊಟ್ಟರೇ ಜೀವ ಉಳಿಯುವುದು. ಇನ್ನೊಂದು ನೋಡಲು ಹಾಗೇ ಕಂಡರೂ ಅದಕ್ಕೆ ಹಾಗೆ ಸುರಿಯುವಂತಿಲ್ಲ, ಸುರಿದರೆ ಮದ್ದಿನಿಂದಲೇ ಅಪಾಯ. "ಯಾವುದು ಅಂತ ನನಗೆ ಖಾತ್ರಿ ಆಗ್ತಿಲ್ಲ. ವಿಷದ ತಜ್ಞರನ್ನ ಕೇಳಲೇಬೇಕು. ಸರೋಜಾ, ಲೈನ್ ಕೊಡಿ."

ಮೋಡೆಮ್ ನೋಡಿದರೆ ಒಂದೂವರೆ ಡೆಸಿಬೆಲ್. ಮೋಡೆಮ್ ಆರಿಸಿ ಮತ್ತೆ ಹಾಕಿದೆ. ಒಂದೂವರೆಯೇ. ಬ್ಯಾಟರಿಯ ವೋಲ್ಟೇಜ್ ನೋಡಿದೆ, ಸರಿಯಾಗಿತ್ತು. ಕೇಬಲ್ಲಿನ ತುದಿಗಳನ್ನು ಬಿಚ್ಚಿ ಒರೆಸಿ ಮತ್ತೆ ಬಿಗಿದೆ. ಅವಸರದಲ್ಲಿ ತಿರುಪು ಮೂರು ಸಲ ನೆಲಕ್ಕೆ ಬಿತ್ತು. ಅಷ್ಟರಲ್ಲಿ ಮಳೆ ತಗ್ಗಿ ಬರೀ ತುಂತುರಾಗಿತ್ತು. ಅದು ನನ್ನನ್ನು ಇನ್ನೂ ಹೆದರಿಸಿತು. ಮಳೆಯೇ ಕಾರಣವಾಗಿದ್ದರೆ ಇಷ್ಟು ಹೊತ್ತಿಗೆ ಸಿಗ್ನಲ್ ಮೇಲೇಳಬೇಕಿತ್ತು. ಹಾಗಾದರೆ ನಾನು ಬೆಳಿಗ್ಗೆ ಹಚ್ಚಿದ ಸೀಲಂಟ್ ಕೈಕೊಟ್ಟು ಕೇಬಲ್ಲಿನೊಳಗೆ ನೀರು ಇಳಿದಿದೆ ಎಂದೇ ತೀರ್ಮಾನಿಸಿದೆ. ಅದನ್ನು ಬಿಚ್ಚಿ ಸರಿಮಾಡಲು ಏನಿಲ್ಲವೆಂದರೂ ಎರಡು ಗಂಟೆ. ಮಗುವಿಗೆ ಎರಡು ಗಂಟೆ ಇರಲಿಲ್ಲ.

ಮೇಲೆ ಹತ್ತಿ ಒಮ್ಮೆ ನೋಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಬಸ್ಸಿನ ಮಾಡು ಮೂರು ಮೀಟರ್ ಎತ್ತರ, ಪಕ್ಕದಲ್ಲಿ ನಿಂತರೆ ಗುಮ್ಮಟ ಕಾಣುವುದಿಲ್ಲ. ಮಂಡಿ ಕುಂಬಳಕಾಯಿಯಂತೆ ಊದಿತ್ತು. ನಿಜ ಹೇಳಬೇಕೆಂದರೆ ಮಂಡಿಯೂ ಕಾರಣವಲ್ಲ. ಹೆದರಿದ ನಾನು ಆ ಪರದೆಯ ಅಂಕಿಯಿಂದ ಕಣ್ಣು ಕೀಳಲಾರದೆ ಹೋದೆ. ಕಣ್ಣು ತೆಗೆದರೆ ಅದು ಸೊನ್ನೆಯಾಗಿಬಿಡುತ್ತದೇನೋ ಅನ್ನಿಸುತ್ತಿತ್ತು.

"ಉಸಿರು ನಿಧಾನ ಆಗ್ತಾ ಇದೆ" ಅಂದರು ಡಾಕ್ಟರ್. ಅವರ ಕೈಯಲ್ಲಿ ಅಟ್ರೋಪಿನ್ ತುಂಬಿದ ಸಿರಿಂಜು. "ಇನ್ನೈದು ನಿಮಿಷ ನೋಡ್ತೀನಿ. ಆಮೇಲೆ ದೇವರ ಮೇಲೆ ಭಾರ ಹಾಕಿ ಕೊಡ್ತೀನಿ."

ಬಾಗಿಲ ಹೊರಗೆ ಹಟ್ಟಿಯ ಏಳೆಂಟು ಗಂಡಸರು ಕಂಬಳಿ ಕೊಪ್ಪೆ ಹಾಕಿಕೊಂಡು ನಿಂತಿದ್ದರು. ಈರಣ್ಣಜ್ಜ ಮಾತ್ರ ಅಂಗಿ ಮೈಗಂಟಿ, ಗಡಗಡ ನಡುಗುತ್ತಾ ಮೊಮ್ಮಗಳ ಕಡೆ ನೋಡುತ್ತಿದ್ದರು.

"ಒಳಗೆ ಬನ್ನಿ ಅಜ್ಜಾ, ನೆನೀತಿದ್ದೀರಿ" ಅಂದೆ.

"ನನ್ ಬಿಡ್ರಮ್ಮ, ಮಗೀನ್ ನೋಡ್ರಿ."

ಮಳೆಯಲ್ಲಿ ಕಂಬಳಿಯಿಲ್ಲದೆ ನಿಂತ ಕುರಿಗಾಹಿಯನ್ನು ನಾನು ಈ ಜಿಲ್ಲೆಯಲ್ಲಿ ಹುಟ್ಟಿ ಬೆಳೆದು ಒಮ್ಮೆಯೂ ಕಂಡಿರಲಿಲ್ಲ. ಡಿಶ್ಶಿನ ಯೋಚನೆಯಿಂದಲ್ಲ, ಬರೀ ಸಂಕಟಕ್ಕೆ ಕೇಳಿದೆ: "ನಿಮ್ಮ ಕಂಬಳಿ ಎಲ್ಲಿ?"

"ಮ್ಯಾಲೆ ಹೊಚ್ಚೀನಲ್ಲಮ್ಮ, ಆ ಬಿಳೀ ಗುಂಡಿಗೆ. ನೀರು ಬೀಳಬಾರ್ದು ಅಂತ ನೀವೇ ಹೇಳಿದ್ರಲ್ಲ."

ಮಳೆ ಶುರುವಾದೊಡನೆ ಅವರು ಏಣಿ ಹತ್ತಿ ತಮ್ಮ ಮೈಮೇಲಿನದನ್ನು ತೆಗೆದು ಗುಮ್ಮಟಕ್ಕೆ ಹೊದಿಸಿದ್ದರು. ಮಳೆಯ ಸದ್ದಿನಲ್ಲಿ ಮಾಡಿನ ಮೇಲಿನ ಹೆಜ್ಜೆ ನಮಗೆ ಕೇಳಿಸಿರಲಿಲ್ಲ. ಒಣಗಿದ ಉಣ್ಣೆಯಾದರೆ ಅಷ್ಟು ತೊಂದರೆಯಿರಲಿಲ್ಲ. ನೀರು ಕುಡಿದ ಕರಿ ಕಂಬಳಿಯನ್ನು ತೂರಿ ಯಾವ ಸಿಗ್ನಲ್ಲೂ ಬರಲಾರದು. ನಾನು ಕಿರುಚಿದೆ, ಏನೆಂದು ನೆನಪಿಲ್ಲ. ಅಜ್ಜ ಆ ವಯಸ್ಸಿನಲ್ಲೂ ಸರಸರ ಏಣಿ ಹತ್ತಿದರು. ಕಂಬಳಿ ಕೆಸರಿಗೆ ದೊಪ್ಪನೆ ಬಿದ್ದ ಸದ್ದು ಕೇಳಿತು. ಅಂಕಿ ಮೂರಾಯಿತು, ಆರಾಯಿತು, ಒಂಬತ್ತೂವರೆಗೆ ಬಂದು ನಿಂತಿತು. ಮೂರೂ ಐವತ್ತೊಂದಕ್ಕೆ ಲೈನ್ ಬಂತು. ಮಗು ಒಳಗೆ ಬಂದು ಇಪ್ಪತ್ತಾರು ನಿಮಿಷವಾಗಿತ್ತು.

ಪರದೆಯ ಮೇಲೆ ತಜ್ಞರು ಬಂದರು. ಮಗುವಿನ ಮುಖ, ಬಾಟಲಿಯ ದ್ರವ ಎಲ್ಲವನ್ನೂ ತೋರಿಸಿದೆವು. "ಬಾಯಲ್ಲಿ ಜೊಲ್ಲು, ಮೈಯಲ್ಲಿ ಬೆವರು ಇದೆಯಾ?" ಎಂದು ಅವರು ಕೇಳಿದರು.

"ಎರಡೂ ಇಲ್ಲ. ಬಾಯಿ ಒಣಗಿದೆ. ರಕ್ತದಲ್ಲಿ ಸಕ್ಕರೆ ಅಂಶ ಏರಿದೆ" ಅಂದರು ಡಾಕ್ಟರ್.

"ಹಾಗಾದರೆ ಇದು ಎರಡನೇ ಬಗೆಯದೇ ಇರಬೇಕು. ಆ ಸಿರಿಂಜು ಕೆಳಗಿಡಿ. ಉಸಿರು ಕಾಯಿರಿ, ಆಕ್ಸಿಜನ್ ಕೊಡಿ, ಮೈ ಬೆಚ್ಚಗಿಡಿ. ನಾನು ನೋಡ್ತಾ ಇರ್ತೀನಿ."

ಡಾಕ್ಟರ್ ಸಿರಿಂಜನ್ನು ತಟ್ಟೆಗೆ ಇಟ್ಟು ಆಕ್ಸಿಜನ್ ಕೊಡಲು ಶುರುಮಾಡಿದರು. ಮುಂದಿನ ಒಂದೂವರೆ ಗಂಟೆ ನಾನು ಆ ಪುಟ್ಟ ಎದೆ ಏರಿಳಿಯುವುದನ್ನು ಎಣಿಸುತ್ತಾ ಕೂತಿದ್ದೆ. ಅದೇ ಲೈನಿನಲ್ಲಿ ಕರೆಸಿದ ಆಂಬುಲೆನ್ಸ್ ಆಚೆ ದಡಕ್ಕೆ ಬಂದು ನಿಂತಿತು. ನೀರು ಸೊಂಟದಿಂದ ಮೊಣಕಾಲಿಗೆ ಇಳಿದೊಡನೆ ಗಂಡಸರು ಕೈಕೈ ಹಿಡಿದು ಸಾಲುಗಟ್ಟಿ ಮಗುವನ್ನು ದಾಟಿಸಿದರು. ಡಾಕ್ಟರೂ ಲಕ್ಷ್ಮಕ್ಕನೂ ಜೊತೆಗೆ ಹೋದರು.

ಆಗ ಈರಣ್ಣಜ್ಜ ನನ್ನ ಹತ್ತಿರ ಬಂದು ಕೇಳಿದರು. "ನನ್ ಕಂಬ್ಳಿಯಿಂದ್ಲೇ ಹಂಗಾತೇನಮ್ಮ?"

ಮಗು ಉಳಿಯುತ್ತದೋ ಇಲ್ಲವೋ ಇನ್ನೂ ಗೊತ್ತಿರಲಿಲ್ಲ. ಹೌದು ಅಂದರೆ ಆ ಮುದುಕ ಅಲ್ಲೇ ಕುಸಿಯುತ್ತಾರೆ ಅನ್ನಿಸಿತು. ಅದಕ್ಕಿಂತ ಹೆಚ್ಚಾಗಿ, ಹೌದು ಅಂದರೆ ಅರ್ಧ ಮಾತು ಹೇಳಿ ಕೆಡಿಸಿದವಳು ನಾನೇ ಎಂಬುದನ್ನೂ ಹೇಳಬೇಕಾಗುತ್ತಿತ್ತು.

"ಇಲ್ಲಜ್ಜ, ಮಳೆಯಿಂದ ಆಗಿದ್ದು" ಅಂದುಬಿಟ್ಟೆ. ಕಂಪನಿಗೆ ಬರೆದ ವರದಿಯಲ್ಲೂ ಅದನ್ನೇ ಬರೆದೆ: ರೈನ್ ಫೇಡ್, ಮೂವತ್ತೊಂಬತ್ತು ನಿಮಿಷ. ಯಾರೂ ಮರುಪ್ರಶ್ನೆ ಹಾಕುವಂತಿರಲಿಲ್ಲ. ಬಸ್ಸಿಗೆ ಬೀಗ ಹಾಕಿ, ಮಾರನೆಯ ಬೆಳಿಗ್ಗೆ ಧರ್ಮಪುರದಲ್ಲಿ ಸರ್ಕಾರಿ ಬಸ್ಸು ಹತ್ತಿ ಚಿತ್ರದುರ್ಗಕ್ಕೆ ಬಂದೆ. ಮೂರನೆಯ ದಿನ ಆಸ್ಪತ್ರೆಯಲ್ಲಿ ಕೆಂಚಮ್ಮ ಎದ್ದು ಕೂತು ಬನ್ನು ತಿನ್ನುವುದನ್ನು ನೋಡಿ ಅತ್ತುಬಿಟ್ಟೆ.

ನಾಲ್ಕನೆಯ ದಿನ ಡಾಕ್ಟರ್, ತಾಯಿ, ಮಗು ಎಲ್ಲರ ಜೊತೆ ಹಟ್ಟಿಗೆ ಮರಳಿದೆ. ದಿಣ್ಣೆಯ ಮೇಲಿಂದಲೇ ಬಸ್ಸು ಕಂಡಿತು. ಅದರ ನೆತ್ತಿಯ ಮೇಲೆ ಬಿಳಿ ಇರಲಿಲ್ಲ. ಕರ್ರಗೆ ಏನೋ ಕೂತಿತ್ತು.

ಈರಣ್ಣಜ್ಜ ಮೊಮ್ಮಗಳನ್ನು ತಬ್ಬಿ ಮುದ್ದಾಡಿ, ಆಮೇಲೆ ನನ್ನ ಕಡೆ ತಿರುಗಿ ಸಂಭ್ರಮದಿಂದ ಹೇಳಿದರು. "ಮಳೆಯಿಂದ ಕೆಟ್ತು ಅಂದ್ರಲ್ಲಮ್ಮ, ನಿನ್ನೆ ಮತ್ತೆ ಹನಿ ಬಂತು. ಈ ಸಲ ಎಲ್ಡು ಕಂಬ್ಳಿ ಹಾಕಿ ಹಗ್ಗದಾಗೆ ಬಿಗ್ದೀನಿ. ಇನ್ ಒಂದ್ ತೊಟ್ಟೂ ಬೀಳಾಕಿಲ್ಲ."

ನಾನು ಅಲ್ಲೇ ಕಲ್ಲಿನ ಮೇಲೆ ಕೂತೆ. ನಾವು ನಾಲ್ಕು ದಿನ ಬಿಟ್ಟು ಬಂದದ್ದರಿಂದ ಸರಿಹೋಯಿತು. ಡಾಕ್ಟರ್ ಇಲ್ಲೇ ಇದ್ದು, ಇನ್ನೊಂದು ಮಗು ಆ ಬೆಂಚಿನ ಮೇಲೆ ಮಲಗಿದ್ದರೆ? ಆ ಯೋಚನೆಗೆ ಬಂದ ಭಯ ಮೊದಲ ದಿನದ್ದಕ್ಕಿಂತ ದೊಡ್ಡದು. ಅವತ್ತು ಅರ್ಧ ಮಾತು ಹೇಳಿದ್ದೆ, ಅದು ತಪ್ಪು. ಆಮೇಲೆ ಸುಳ್ಳು ಹೇಳಿದ್ದೆ, ಅದು ಅದೇ ತಪ್ಪನ್ನು ಹಗ್ಗದಲ್ಲಿ ಬಿಗಿದು ಕಟ್ಟಿಸಿತ್ತು.

ಎಲ್ಲವನ್ನೂ ಹೇಳಿದೆ. ಕಂಬಳಿಯಿಂದಲೇ ಲೈನ್ ಹೋಗಿದ್ದು, ನೀರು ಬೀಳಬಾರದು ಅಂದದ್ದು ಗುಮ್ಮಟಕ್ಕಲ್ಲ, ಬರೀ ಬೆರಳಗಲದ ಅಂಟಿಗೆ, ಅದನ್ನು ಬಿಡಿಸಿ ಹೇಳದ ತಪ್ಪು ನನ್ನದು, ಆಮೇಲೆ ಹೇಳಿದ ಸುಳ್ಳೂ ನನ್ನದು. ಅಜ್ಜ ಕತ್ತೆತ್ತಿ ಬಸ್ಸಿನ ಮೇಲಿನ ಕಂಬಳಿಗಳನ್ನು ನೋಡಿದರು. ಮೊಮ್ಮಗಳ ತಲೆಯ ಮೇಲಿಟ್ಟ ಕೈ ಹಾಗೇ ಇತ್ತು.

"ಅವತ್ತೇ ಹೇಳ್ಬೇಕಿತ್ತಮ್ಮ" ಅಂದರು. "ಹೇಳಿದ್ರೆ ಅತ್ಕಂಡಿರ್ತಿದ್ದೆ. ಆದ್ರೆ ಹೊಚ್ತಿರ್ಲಿಲ್ಲ."

ಅವರು ಹಗ್ಗ ಬಿಚ್ಚಲು ಏಣಿ ಹತ್ತಿದರು. ಅಂದು ಸಂಜೆ ನಾನು ಕಂಪನಿಗೆ ಹೊಸ ವರದಿ ಕಳಿಸಿದೆ. ಕಾರಣ ಎಂಬ ಕಡೆ ಮಳೆ ಎಂದಿದ್ದುದನ್ನು ಹೊಡೆದು ನನ್ನ ಹೆಸರು ಬರೆದೆ. ಮೂವತ್ತೊಂದು ವರ್ಷ ಯಂತ್ರಗಳ ತಪ್ಪು ಹುಡುಕುವುದನ್ನು ಕಲಿತಿದ್ದೆ. ನನ್ನ ತಪ್ಪನ್ನು ಮುಚ್ಚಿಟ್ಟರೆ ಅದನ್ನು ಇನ್ನೊಬ್ಬರು ಒಳ್ಳೆಯ ಮನಸ್ಸಿನಿಂದಲೇ ಮತ್ತೆ ಮಾಡುತ್ತಾರೆ ಎಂಬುದನ್ನು ಕಲಿತದ್ದು ಆ ಹಟ್ಟಿಯಲ್ಲಿ.