ಮೂವತ್ತೊಂದನೆಯ ಸಾಲು

ಕೀಂ... ಕೀಂ... ಕೀಂ...

ಮೂರನೆಯ ಮಹಡಿಯ ಕಾರಿಡಾರಿನಲ್ಲಿದ್ದ, ರೋಗಿಗಳ ಗಡ್ಡೆಯ ಚೂರುಗಳನ್ನು ಶೀಷೆಗಳಲ್ಲಿಡುವ ದೊಡ್ಡ ಫ್ರೀಜರು ಹಟ ಹಿಡಿದ ಕೂಸಿನ ಹಾಗೆ ಅಳುತ್ತಿತ್ತು. ಬಾಗಿಲು ಒಂದು ನಿಮಿಷಕ್ಕಿಂತ ಹೆಚ್ಚು ತೆರೆದಿದ್ದರೆ ಅದರ ಗೋಳು ಇದೇ. ಫಾರಂ ಅತ್ತೆ ಎದ್ದು ಹೋದಳು. ಕನ್ನಡಕದ ಡಾಕ್ಟರ್ ಒಬ್ಬ ಕೈಯಲ್ಲಿ ಡಬ್ಬಿ ಹಿಡಿದು ಅದರ ಮುಂದೆ ಸುಮ್ಮನೆ ನಿಂತಿದ್ದ. "ಶೀತ ಆಗತ್ತೆ ಕಣಪ್ಪ" ಎಂದು ಬಾಗಿಲನ್ನು ಸೊಂಟದಿಂದ ಒತ್ತಿ ಮುಚ್ಚಿ, ಬಂದು ಕುಳಿತಳು. ಇಪ್ಪತ್ತೆರಡು ವರ್ಷಗಳಿಂದ ಅವಳ ಸೊಂಟಕ್ಕೆ ಇದು ರೂಢಿ.

ಕ್ಯಾನ್ಸರ್ ಡಾಕ್ಟರುಗಳು ಎರಡು ವರ್ಷ ವಾರ್ಡು ಬಿಟ್ಟು ಪ್ರಯೋಗಾಲಯದಲ್ಲಿ ಕುಳಿತು ಸಂಶೋಧನೆ ಕಲಿಯಲೆಂದು ವಿಶ್ವವಿದ್ಯಾಲಯಕ್ಕೆ ಒಂದು ಅನುದಾನ ಬರುತ್ತಿತ್ತು. ಅದರ ಕಾಗದಪತ್ರವೆಲ್ಲ ಇವಳ ಕೈಯಲ್ಲಿ. ಸೇರುವುದಕ್ಕೊಂದು ಫಾರಂ, ಗುರು ಬದಲಾಯಿಸುವುದಕ್ಕೊಂದು, ಬಾಣಂತನಕ್ಕೊಂದು. "ಅತ್ತೆ, ಸೀನು ಬಂತು, ಫಾರಂ ಕೊಡಿ" ಎಂದು ಹುಡುಗರು ಕೀಟಲೆ ಮಾಡುತ್ತ ಮಾಡುತ್ತ ಆ ಹೆಸರೇ ನಿಂತಿತು.

ಐದು ವರ್ಷಕ್ಕೊಮ್ಮೆ ಅನುದಾನ ಮುಂದುವರಿಯಬೇಕಾದರೆ ಸಮಿತಿಗೆ ಒಂದು ಪಟ್ಟಿ ಕಳಿಸಬೇಕು: ಹಿಂದಿನ ಹದಿನೈದು ವರ್ಷಗಳಲ್ಲಿ ಇಲ್ಲಿ ಕಲಿತವರೆಲ್ಲ ಈಗ ಎಲ್ಲಿದ್ದಾರೆ, ಏನು ಮಾಡುತ್ತಿದ್ದಾರೆ, ನಡುವೆ ಬಿಟ್ಟವರು ಯಾಕೆ ಬಿಟ್ಟರು. ಮದುವೆಗೆ ಕರೆಯುವವರ ಹಾಗೆ ಅತ್ತೆ ಒಬ್ಬೊಬ್ಬರನ್ನೂ ಹುಡುಕಿ ಮಾತಾಡಿಸಿದ್ದಳು. ಐವತ್ತೆರಡು ಸಾಲುಗಳಲ್ಲಿ ಐವತ್ತೊಂದು ತುಂಬಿದ್ದವು. ನಾಳೆ ಸಂಜೆಯೊಳಗೆ ಪಟ್ಟಿ ಹೋಗಬೇಕು. ಮೂವತ್ತೊಂದನೆಯ ಸಾಲು ಮಾತ್ರ ಹಲ್ಲು ಬಿದ್ದ ಜಾಗದಂತೆ ಖಾಲಿ.

ವಿಭಾಗದ ಮುಖ್ಯಸ್ಥರಾದ ದೊಡ್ಡ ಡಾಕ್ಟರು ಬಾಗಿಲಲ್ಲಿ ತಲೆ ಹಾಕಿದರು. "ಒಂದೇ ಒಂದು ತಾನೇ? 'ವಿವರ ತಿಳಿದಿಲ್ಲ' ಅಂತ ಹಾಕಿ ಕಳಿಸಿ."

"ಹೋದ ಸಲಾನೂ ಹೀಗೇ ಅಂದ್ರಿ ಸರ್. ಐದು ವರ್ಷ ಆಯ್ತು, ಇನ್ನೂ ತಿಳಿದಿಲ್ಲ."

ಆ ಸಾಲಿನವಳನ್ನು ಎಲ್ಲರೂ ಏಣಿ ಎನ್ನುತ್ತಿದ್ದರು. ಅಷ್ಟು ಉದ್ದ. ಬಿಳಿ ಕೋಟಿನ ತೋಳು ಮೊಣಕೈಗೂ ಮಣಿಕಟ್ಟಿಗೂ ನಡುವೆಯೇ ಮುಗಿದುಹೋಗುತ್ತಿತ್ತು. ಹನ್ನೊಂದು ವರ್ಷದ ಕೆಳಗೆ, ಒಂದೂವರೆ ವರ್ಷ ಕಲಿತವಳು, ಎರಡು ಗೆರೆಯ ಪತ್ರ ಮೇಜಿನ ಮೇಲಿಟ್ಟು ಹೋಗಿಬಿಟ್ಟಳು. ಆ ಕೊನೆಯ ತಿಂಗಳು ಫ್ರೀಜರು ದಿನಾ ಅಳುತ್ತಿತ್ತು. ಅತ್ತೆ ಹೋಗಿ ನೋಡಿದರೆ ಏಣಿ ತೆರೆದ ಬಾಗಿಲ ಮುಂದೆ, ತಣ್ಣನೆಯ ಹಬೆಯಲ್ಲಿ ಮುಖವಿಟ್ಟು ನಿಂತಿರುತ್ತಿದ್ದಳು. ಪ್ರತಿ ಸಲವೂ ಅತ್ತೆ ಬಾಗಿಲು ಮುಚ್ಚಿದಳು, ಬಂದು ಕುಳಿತಳು. ಏನಾಯಿತು ಎಂದು ಒಂದು ಮಾತು ಕೇಳಲಿಲ್ಲ. ವರದಿಯ ಗಡಿಬಿಡಿ ಇತ್ತು. ಕೇಳದೆ ಬಿಟ್ಟದ್ದು ಅಂಗಾಲಿನ ಮುಳ್ಳಿನಂತೆ ಒಳಗೇ ಉಳಿದಿತ್ತು, ನಡೆದಾಗಲೆಲ್ಲ ಚುಚ್ಚುತ್ತಿತ್ತು.

ಸಂಜೆ ಮನೆಗೆ ಬಂದಾಗ ಅಕ್ಕ ಹೊಲಿಗೆ ಯಂತ್ರದ ಮುಂದೆ ಬಾಯಲ್ಲಿ ದಾರ ಕಚ್ಚಿಕೊಂಡಿದ್ದಳು. ಇಬ್ಬರೂ ಒಂಟಿ, ಎರಡು ಕೋಣೆಯ ಮನೆಯಲ್ಲಿ ಒಂದು ಅಕ್ಕನ ಬಟ್ಟೆಗಳದ್ದೇ.

"ಏನೇ ಮುಖ, ಹುಣಸೆಹಣ್ಣು ಕಚ್ಚಿದ ಹಾಗೆ?"

"ಏಣಿ ಸಿಗ್ತಿಲ್ಲ ಅಕ್ಕ. ಫೋನ್ ನಂಬರ್ ಸತ್ತಿದೆ, ಕಾಗದ ವಾಪಸ್ ಬಂತು."

"ಅಷ್ಟು ದೊಡ್ಡ ಯೂನಿವರ್ಸಿಟಿ, ಮನೆ ತುಂಬ ಕಂಪ್ಯೂಟರು, ಆರಡಿ ಹುಡುಗಿ ಕಾಣಿಸಲ್ವಂತೆ!" ಅಕ್ಕ ಎದ್ದು ಮಂಚದ ಕೆಳಗಿನ ಪೆಟ್ಟಿಗೆ ಎಳೆದಳು. ಒಳಗೆ ಮೂವತ್ತು ವರ್ಷದ ಅಳತೆ ಪುಸ್ತಕಗಳು. ಬೆರಳಿಗೆ ಎಂಜಲು ಹಚ್ಚಿ ಹಾಳೆ ಮಗುಚಿದಳು. "ಕೋಟಿನ ತೋಳು ಇಳಿಸಿಕೊಟ್ಟವಳು ನಾನಲ್ವಾ? ನೋಡು. ತೋಳು ಇಪ್ಪತ್ತಾರು ಇಂಚು. ಪಕ್ಕದಲ್ಲಿ ಅವರಮ್ಮನ ನಂಬರು. ನಾನು ನಂಬರ್ ಬರ್ಕೊಳ್ದೆ ಯಾರ ಬಟ್ಟೆಗೂ ಕತ್ತರಿ ಹಾಕಲ್ಲ."

ಫೋನು ಎತ್ತಿದ್ದು ಏಣಿಯೇ.

"ಅತ್ತೆ?" ಎಂದಳು. "ಅಮ್ಮ ಇಲ್ಲ ಅತ್ತೆ. ಫೋನ್ ಮಾತ್ರ ಉಳೀತು. ಲ್ಯಾಬ್ ಬಿಟ್ಟೆನಲ್ಲ, ಆ ತಿಂಗಳೇ ಅವಳಿಗೆ ಕ್ಯಾನ್ಸರ್ ಅಂತ ಗೊತ್ತಾಗಿದ್ದು. ನಾಲ್ಕು ತಿಂಗಳು ಇದ್ಲು."

"ಅದಕ್ಕೇನಾ ಫ್ರೀಜರ್ ಮುಂದೆ..."

"ಹೂಂ. ಶೀಷೆ ಮೇಲೆ ಬರೀ ನಂಬರ್ ಇರತ್ತಲ್ಲ. ಒಂದೊಂದೂ ಯಾರದೋ ಅಮ್ಮ ಅನ್ನಿಸೋದು. ಬಾಗಿಲು ಹಾಕೋಕೆ ಕೈ ಬರ್ತಿರಲಿಲ್ಲ."

ಅತ್ತೆ ಕಣ್ಣು ಮುಚ್ಚಿದಳು. ಮನೆಯವರ ಕಾಯಿಲೆಗೆ ಆರು ತಿಂಗಳು ರಜೆ, ತಿರುಗಿ ಬಂದಾಗ ಅದೇ ಜಾಗ. ಅನುದಾನದ ನಿಯಮದಲ್ಲೇ ಇತ್ತು. ಅದಕ್ಕೊಂದು ಫಾರಂ ಅವಳ ಮೇಜಿನ ಎರಡನೆಯ ಡ್ರಾಯರಿನಲ್ಲಿ ಅಂದೂ ಇತ್ತು, ಇಂದೂ ಇದೆ.

"ಬಾಗಿಲು ಮುಚ್ಚಿ ಬಂದೆ ಕಣೆ" ಎಂದಳು. "ಒಂದು ಮಾತು ಕೇಳಿದ್ರೆ ನೀನು ರಜೆ ಹಾಕಿ ತಿರುಗಿ ಬರಬಹುದಿತ್ತು. ತಪ್ಪು ನಂದು."

ಅತ್ತೆ ಪೆನ್ನು ಎತ್ತಿಕೊಂಡಳು.

"ಈಗ ಏನು ಮಾಡ್ತಿದೀಯ?"

"ಇನ್ನು ಚಿಕಿತ್ಸೆ ಇಲ್ಲ ಅಂತ ಆಸ್ಪತ್ರೆಯಿಂದ ಮನೆಗೆ ಕಳಿಸಿದವರು ಇರ್ತಾರಲ್ಲ, ಅವರ ಮನೆಗಳಿಗೆ ಹೋಗ್ತೀನಿ. ನೋವು ಕಡಿಮೆ ಮಾಡ್ತೀನಿ, ಅಷ್ಟೆ. ಓಡಿಹೋದವಳು ನಾನು. ನನ್ನ ಸಾಲು ಖಾಲಿನೇ ಇರ್ಲಿ ಬಿಡಿ ಅತ್ತೆ."

"ಓಡಿಹೋದವರಿಗೆ ನನ್ನ ಹತ್ರ ಫಾರಂ ಇಲ್ಲ."

ಏಣಿ ಮೂಗೆಳೆಯುತ್ತ ನಕ್ಕಳು. ಅಕ್ಕ ಇತ್ತ ಕಡೆಯಿಂದ ಕೂಗಿದಳು: "ತೋಳು ಸರಿ ಇದೆಯಾ ಕೇಳೇ!"

"ಅಕ್ಕನಿಗೆ ಹೇಳಿ, ಮನೆಮನೆಗೂ ಅದೇ ಕೋಟಲ್ಲೇ ಹೋಗೋದು."

ಮರುದಿನ ದೊಡ್ಡ ಡಾಕ್ಟರು ಪಟ್ಟಿಗೆ ಸಹಿ ಹಾಕಲು ಬಂದು, ಮೂವತ್ತೊಂದನೆಯ ಸಾಲಿಗೆ ಬೆರಳಿಟ್ಟು ನಿಂತರು. ಗಟ್ಟಿಯಾಗಿ ಓದಿದರು: "'ಚಿಕಿತ್ಸೆ ನಿಂತ ಕ್ಯಾನ್ಸರ್ ರೋಗಿಗಳ ಮನೆಗೆ ಹೋಗಿ ನೋವು ತಗ್ಗಿಸುತ್ತಾರೆ. ಬಿಟ್ಟ ಕಾರಣ: ತಾಯಿಯ ಕಾಯಿಲೆ. ರಜೆಗೆ ಅವಕಾಶವಿತ್ತು, ಕಚೇರಿ ತಿಳಿಸಲಿಲ್ಲ.' ಏನ್ರೀ ಇದು? ಪಟ್ಟಿಯೋ, ತಪ್ಪೊಪ್ಪಿಗೆಯೋ? ಸಮಿತಿಯವರು ಓದಿ ನಮ್ಮ ಆರು ಸೀಟಲ್ಲಿ ಒಂದು ಕಿತ್ಕೊಂಡ್ರೆ?"

"ಕಿತ್ಕೊಳ್ಳಬಹುದು ಸರ್. ಆದ್ರೆ ಸುಳ್ಳಲ್ಲ."

ಅವರು ಅವಳನ್ನು ನೋಡಿದರು. ಇಪ್ಪತ್ತೆರಡು ವರ್ಷಗಳಲ್ಲಿ ಈಕೆ ಎದುರು ಮಾತಾಡಿದ್ದು ಕಡಿಮೆ. ಗೊಣಗುತ್ತಲೇ ಪೆನ್ನಿನ ಮುಚ್ಚಳ ತೆಗೆದು ಸಹಿ ಹಾಕಿದರು. ಆಮೇಲೂ ಸಮಾಧಾನವಾಗಲಿಲ್ಲ.

"ನಿಮ್ಮ ಹಟಕ್ಕೆ ಹಾಕಿದೀನಿ. ಆದ್ರೂ 'ತಿಳಿಸಲಿಲ್ಲ' ಅನ್ನೋದು ಸ್ವಲ್ಪ ಒರಟಾಯ್ತು. 'ತಿಳಿಸಲು ಸಾಧ್ಯವಾಗಿರಲಿಲ್ಲ' ಅಂದ್ರೆ ಹೇಗೆ? ಅಥವಾ..."

ಕೀಂ... ಕೀಂ...

ಅತ್ತೆ ತಲೆಯೆತ್ತಿದಳು. ತೆರೆದ ಬಾಗಿಲಿನಾಚೆ, ಕಾರಿಡಾರಿನ ತುದಿಯಲ್ಲಿ, ನಿನ್ನೆಯ ಆ ಡಾಕ್ಟರನ ಬಿಳಿ ಕೋಟಿನ ಬೆನ್ನು. ಕನ್ನಡಕ ತೆಗೆದು ಕೈಯಲ್ಲಿ ಹಿಡಿದಿದ್ದ.

"...ಅಥವಾ 'ಕಚೇರಿ' ಅನ್ನೋ ಪದ ತೆಗೆದು, 'ಅಂದಿನ ವ್ಯವಸ್ಥೆಯಲ್ಲಿ' ಅಂತ ಶುರು ಮಾಡಿ, ಆಗ ವಾಕ್ಯ..."

ಅವಳು ಎರಡನೆಯ ಡ್ರಾಯರು ಎಳೆದು ಒಂದು ಹಾಳೆ ತೆಗೆದುಕೊಂಡಳು. ಮೂಲೆಯಲ್ಲಿದ್ದ ಮಡಚುವ ಕುರ್ಚಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡಳು.

"ಕೇಳಿಸ್ತಾ ಇದೆಯೇನ್ರೀ? ವಾಕ್ಯ ಎಷ್ಟು ನಯವಾಗಿ..."

ಅತ್ತೆ ಆಗಲೇ ಕಾರಿಡಾರಿನ ಅರ್ಧದಲ್ಲಿದ್ದಳು.