ಆ ಡಬ್ಬಿ ಮುಟ್ಟಿದವನು ನಾನೇ

ಎಂಬತ್ತರ ದಶಕದ ಕೊನೆಯಲ್ಲಿ ನಾನು ಬೊಂಬಾಯಿಯಲ್ಲಿ, ಅಂಧೇರಿಯ ಒಂದು ಸಂಶೋಧನಾಲಯದಲ್ಲಿ ಅಟೆಂಡೆಂಟ್ ಆಗಿದ್ದೆ. ಓದಿದ್ದು ಮೆಟ್ರಿಕ್. ಕುರ್ಲಾದ ಚಾಳಿನಿಂದ ಬಸ್ಸಿನಲ್ಲಿ ಹೋಗಿ ಗಾಜಿನ ಸಾಮಾನು ತೊಳೆಯುತ್ತಿದ್ದೆ, ಐಸ್ ತುಂಬಿಡುತ್ತಿದ್ದೆ, ಡಾರ್ಕ್‌ರೂಮ್ ಒರೆಸುತ್ತಿದ್ದೆ. ಅಷ್ಟು ವರ್ಷಗಳಲ್ಲಿ ಅಲ್ಲಿ ಯಾರೂ ನನಗೆ ಮುಟ್ಟಬೇಡ ಎಂದಿರಲಿಲ್ಲ. ಮಾಟುಂಗದಿಂದ ಬರುತ್ತಿದ್ದ, ಪಿಎಚ್‌ಡಿಗೆ ಸೇರಿದ ಹುಡುಗಿಯೊಬ್ಬಳು ಅಂದಳು. ಮೈಸೂರು ಕಡೆಯವಳು.

ಫ್ರೀಜರಿನಲ್ಲಿ ಅವಳದೇ ಒಂದು ಡಬ್ಬಿ ಇತ್ತು, ಅದರ ತುಂಬ ಪುಟ್ಟ ಪುಟ್ಟ ಟ್ಯೂಬುಗಳು.

"ಕಾಕಾ, ಇದೊಂದು ನೀವು ಮುಟ್ಟಬೇಡಿ. ಕೈ ತಾಗಿದ್ರೆ ಹಾಳಾಗತ್ತೆ."

"ಯಾರ ಕೈರೀ, ಬಾಯಾರ?"

"ಯಾರದ್ದಾದ್ರೂ," ಎಂದು ನಕ್ಕಳು.

ನಾನು ನಂಬಲಿಲ್ಲ. ಊರಲ್ಲಿ ನಮ್ಮ ಕೇರಿಯವರಿಗೆ ಬಾವಿಯ ಹಗ್ಗ ಮುಟ್ಟಗೊಡದವರೂ ಹೀಗೆಯೇ ನಗುತ್ತಿದ್ದರು. ಪಕ್ಕದ ಲ್ಯಾಬಿನ ಮರಾಠಿ ಗೆಳೆಯ ಚಹಾ ಕುಡಿಯುತ್ತ ಚುಚ್ಚಿದ: "ಕ್ಯಾ ರೇ, ತೇರೀ ಭಾಷಾವಾಲೀ ಹೈ, ಫಿರ್ ಭೀ ಹಾಥ್ ನಹೀ ಲಗಾನೆ ದೇತೀ?" ನಿನ್ನ ಭಾಷೆಯವಳೇ ನಿನಗೆ ಮುಟ್ಟಗೊಡುವುದಿಲ್ಲವಲ್ಲ ಎಂಬುದು ಅವನ ಕುಹಕ. ಅವಳು ತನ್ನ ಗಾಜುಗಳನ್ನು ತಾನೇ ತೊಳೆದು ಓವನ್ನಿನಲ್ಲಿ ಕಾಯಿಸುವುದನ್ನೂ ಅಂದಿನಿಂದ ಗಮನಿಸತೊಡಗಿದೆ.

ಒಂದು ದಿನ ಎಕ್ಸ್‌ರೇ ಫಿಲ್ಮ್ ಹಿಡಿದು ನನ್ನ ಬಳಿಯೇ ಓಡಿಬಂದಳು. ಅದರಲ್ಲಿ ಎರಡು ಗೆರೆ, ಒಂದು ಮಸುಕು, ಒಂದು ಕಡುಕಪ್ಪು.

"ಜೀವಕೋಶದ ಮೇಲೆ ರಿಸೆಪ್ಟರ್ ಅಂತ ಪ್ರೋಟೀನ್ ಇರತ್ತೆ ಕಾಕಾ, ಹಾರ್ಮೋನ್ ಹಿಡಿಯೋಕೆ. ಅದನ್ನ ಮಾಡು ಅನ್ನೋ ಸಂದೇಶ ಆರ್‌ಎನ್‌ಎ, ಆ ಡಬ್ಬೀಲಿರೋದು ಅದೇ. ನಿಜವಾದ ಸಂದೇಶ ಶುರುವಾಗೋಕೆ ಮುಂಚೆ ಅದರಲ್ಲಿ ಒಂದು ತುಂಡು ಇದೆ. ಓದೋ ಯಂತ್ರ ಅಲ್ಲೇ ತಡವರಿಸತ್ತೆ, ಪ್ರೋಟೀನ್ ಕಡಿಮೆ ಆಗತ್ತೆ. ಆ ತುಂಡು ಕತ್ತರಿಸಿದೆ, ನೋಡಿ ಈ ಕಪ್ಪು ಗೆರೆ, ಪ್ರೋಟೀನ್ ಎಷ್ಟು ಹೆಚ್ಚಾಯ್ತು!"

"ಕತ್ತರಿಸಿದ್ರ ಹೆಚ್ಚಾಗತೈತೇನ್ರಿ?"

"ಅದೇ ಮಜಾ. ಇನ್ನೊಂದ್ಸಲ ಹೀಗೇ ಬಂದ್ರೆ ಸರ್ ಥೀಸಿಸ್‌ಗೆ ಒಪ್ತಾರೆ."

ತೆಗೆದಷ್ಟೂ ಬೆಳೆಯುವ ವಸ್ತುವನ್ನು ನಾನು ಕಂಡಿರಲಿಲ್ಲ. ಇವಳು ಮೋಸದಿಂದ ಟ್ಯೂಬು ಬದಲಿಸುತ್ತಿರಬೇಕು, ಅದಕ್ಕೇ ಡಬ್ಬಿಯ ಹತ್ತಿರ ಯಾರನ್ನೂ ಬಿಡುವುದಿಲ್ಲ ಎಂದುಕೊಂಡೆ. ಮರುದಿನ ಎಲ್ಲರೂ ಊಟಕ್ಕೆ ಹೋದಾಗ ಡಬ್ಬಿ ತೆರೆದೆ. ಸಂಶಯ ಪಡುವಂಥದ್ದೇನೂ ಸಿಗಲಿಲ್ಲ. ಆದರೂ ಸುಮ್ಮನೆ ಮುಚ್ಚಲಿಲ್ಲ. ಒಂದೊಂದು ಟ್ಯೂಬಿನ ಮುಚ್ಚಳ ತೆರೆದು ಒಳಗಡೆ ಬೆರಳು ಒರೆಸಿದೆ. ಅವಳು ಶುದ್ಧಮಾಡಿ ಇಟ್ಟಿದ್ದ ನೀರಿನ ಟ್ಯೂಬನ್ನೂ ಬಿಡಲಿಲ್ಲ. ಮುಟ್ಟಿದೆ, ಏನಾಗತ್ತೋ ನೋಡೋಣ ಎಂಬ ಹಟ.

ಮುಂದಿನ ಫಿಲ್ಮ್ ಖಾಲಿ ಬಂತು. ಹೊಸ ಆರ್‌ಎನ್‌ಎ ಮಾಡಿ ಅದೇ ನೀರಿನಲ್ಲಿ ಬೆರೆಸಿದಳು. ಅದೂ ಖಾಲಿ. ತಿಂಗಳುಗಟ್ಟಲೆ ಹೀಗೇ ಆಯಿತು.

ಕೊನೆಗೆ ಮುಖ್ಯಸ್ಥರು ಎಲ್ಲರೆದುರು ಅವಳನ್ನು ಕೇಳಿದರು. ನಾನು ಸಿಂಕಿನ ಬಳಿ ಇದ್ದೆ. "ಯಾರಾದರೂ ಬರಿಗೈ ಹಾಕಿದರಾ? ಬೆರಳಲ್ಲಿರೋದು ಸಾಕು, ಆರ್‌ಎನ್‌ಎ ಚಿಂದಿಯಾಗತ್ತೆ. ಹಾಕಿದ್ದು ನಾನೇ ಆದರೂ ಅಷ್ಟೆ." ಯಾರ ಕೈಯಾದರೂ ಎಂದು ಅವಳು ಅಂದಿದ್ದು ನಿಜವೆಂದು ನನಗೆ ತಿಳಿದದ್ದು ಆಗ.

ಅವರ ಕಣ್ಣು ನನ್ನ ಮೇಲೆ ಬಿತ್ತು. ಅವಳು ತಕ್ಷಣ, "ಇಲ್ಲ ಸರ್, ಹೇಳಿದ ಮೇಲೆ ಕಾಕಾ ಮುಟ್ಟೋರಲ್ಲ," ಅಂದಳು.

"ಹಾಗಾದರೆ ಮೊದಲ ಫಿಲ್ಮ್ ಎಲ್ಲಿಂದ ಬಂತು?"

ಅವಳು ಆ ಫಿಲ್ಮನ್ನೇ ಮತ್ತೆ ಬೆಳಕಿಗೆ ಹಿಡಿದು ನೋಡಿದಳು. ಆಮೇಲಿನವು ಯಾಕೆ ಖಾಲಿ ಬಂದವು ಎಂಬುದು ನನಗೆ ಗೊತ್ತಿತ್ತು. ನಾನು ನಲ್ಲಿ ಜೋರಾಗಿ ಬಿಟ್ಟೆ.

ವಿಷಯ ಕೈಬಿಡಲು ಹೇಳಿದರು. ಎರಡು ತಿಂಗಳಲ್ಲಿ ಅವಳು ಸಂಶೋಧನೆಯನ್ನೇ ಬಿಟ್ಟಳು. ಕೊನೆಯ ಸಂಜೆ ಬಸ್‌ಸ್ಟಾಪಿನಲ್ಲಿ ನಾವಿಬ್ಬರೇ ನಿಂತಿದ್ದೆವು. ಹೇಳಿಬಿಡಬೇಕೆಂದೇ ಅವಳ ಹಿಂದೆ ಹೋಗಿದ್ದೆ.

"ಮೊದಲನೇದೇ ಎಲ್ಲೋ ತಪ್ಪು ಮಾಡಿದ್ದೆ ಅನ್ಸತ್ತೆ ಕಾಕಾ," ಅಂದಳು.

"ಇರಬಹುದ್ರೀ ಬಾಯಾರ," ಅಂದೆ.